ಸೆಕೆಂಡು ಕೂಗುವ ಟೂರಿಡ್ ಆಂಟಿ

ಆಕ್ಲೆಂಡಿನ ಒನೆಹುಂಗಾ ಬಡಾವಣೆಯ ಮನೆಗೆ ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಕಸದ ಬಿನ್ನನ್ನು ರಸ್ತೆಯಂಚಿಗೆ ಎಳೆದಿಟ್ಟು, ಊಟದ ಡಬ್ಬಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಬಸ್ಸಿಗೆ ಓಡುತ್ತಿದ್ದೆ. ಪಕ್ಕದ ಮನೆಯ ಗೇಟಿನಲ್ಲಿ ನಿಂತಿದ್ದ ಎತ್ತರದ ಮುದುಕಿಯೊಬ್ಬಳು ಮಣಿಕಟ್ಟಿನ ಗಡಿಯಾರ ನೋಡಿ, ನನ್ನ ಕಡೆಗೆ ಬಾಗಿ, ಇಡೀ ಬೀದಿಗೆ ಕೇಳುವಂತೆ ಕೂಗಿದಳು: "ನಿನ್ನೆಗಿಂತ ನಲವತ್ತು ಸೆಕೆಂಡು ಹಿಂದೆ." ಅಷ್ಟೇ. ಗುಡ್ ಮಾರ್ನಿಂಗೂ ಇಲ್ಲ. ಅವಳ ಕಾಲಿಗೆ ಉದ್ದನೆಯ ಪಟ್ಟಿಗೆ ಗಾಲಿ ಜೋಡಿಸಿದಂಥ ಏನೋ ಕಟ್ಟಿತ್ತು, ಎರಡು ಕೈಯಲ್ಲೂ ಕೋಲು. ಕೂಗಿ ಮುಗಿಸಿದವಳೇ ಕೋಲು ಊರಿ ಇಳಿಜಾರಿನಲ್ಲಿ ಸುಯ್ಯೆಂದು ಹೊರಟೇ ಹೋದಳು. ನಿಂತು ಬಾಯಿಬಿಟ್ಟುಕೊಂಡು ನೋಡಿದ್ದಕ್ಕೆ ನನಗೆ ಬಸ್ಸು ತಪ್ಪಿತು. ಯಾರಪ್ಪಾ ಈ ಪೀಡೆ ಎಂದು ಏಕವಚನದಲ್ಲೇ ಬೈದುಕೊಂಡೆ.

ಏಕವಚನ ಹೆಚ್ಚು ದಿನ ಉಳಿಯಲಿಲ್ಲ. ಯುಗಾದಿಗೆ ನನ್ನ ಹೆಂಡತಿ ವಸುಧಾ ಒಬ್ಬಟ್ಟು ಕೊಟ್ಟು ಬರಲು ಹೋದವಳು ಒಂದೂವರೆ ಗಂಟೆ ಬಿಟ್ಟು ವಾಪಸ್ಸು ಬಂದು, "ರೀ, ಆ ಆಂಟಿ ಸುಮ್ನೆ ಅಲ್ಲ ಕಣ್ರೀ, ನಾರ್ವೆ ದೇಶದ ಚಾಂಪಿಯನ್ನಂತೆ" ಎಂದಳು. ಅವತ್ತಿನಿಂದ ಅವರು ನಮಗೆ ಟೂರಿಡ್ ಆಂಟಿ ಆದರು. ಬೆಟ್ಟದ ನೆತ್ತಿಯಿಂದ ಜಾರಿ ಇಳಿಯುವ ಟೀವಿಯ ಸ್ಕೀಯಿಂಗ್ ಅಲ್ಲ ಅವರದು. ಹಿಮದ ಮೇಲೆ ಕಾಡು, ಬಯಲು, ದಿಬ್ಬ ದಾಟಿಕೊಂಡು ಸ್ವಂತ ಕಾಲು ತೋಳುಗಳ ಬಲದಿಂದಲೇ ಹತ್ತಾರು ಕಿಲೋಮೀಟರು ಸಾಗುವ ಕ್ರಾಸ್‌ಕಂಟ್ರಿ. ಅವರ ಹಳ್ಳಿಯಲ್ಲಿ ಮಕ್ಕಳು ಶಾಲೆಗೆ ಹೋಗುತ್ತಿದ್ದುದೇ ಹಾಗಂತೆ. ಅಪ್ಪ ಕಾಡಿನಲ್ಲಿ ಮರ ಕಡಿಯುವ ಕೆಲಸದವನು. ಅವನಿಗೆ ಮಧ್ಯಾಹ್ನದ ಬುತ್ತಿ ಬಿಸಿಯಾರದಂತೆ ಮುಟ್ಟಿಸಬೇಕೆಂಬುದೇ ತಮ್ಮ ಮೊದಲ ತರಬೇತಿ ಎನ್ನುತ್ತಿದ್ದರು. ಹತ್ತೊಂಬತ್ತಕ್ಕೆ ದೇಶದ ಚಾಂಪಿಯನ್. ಆಮೇಲೆ ಇನ್ನೂ ಮೂರು ಸಲ. ಜಗತ್ತಿನ ಮಟ್ಟದಲ್ಲಿ ಒಂದೇ ಒಂದು ಬೆಳ್ಳಿ. ಚಿನ್ನ ಇಲ್ಲ. ಗಂಡ ಹೆರಾಲ್ಡನಿಗೆ ಇಲ್ಲಿಯ ಕಾಗದದ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಕೆಲಸ ಸಿಕ್ಕಿ, ಹಿಮವೇ ಬೀಳದ ಆಕ್ಲೆಂಡಿಗೆ ಬಂದು ನೆಲೆಸಿದ್ದರು. ನಾವು ಬರುವ ಹೊತ್ತಿಗೆ ಅವನು ತೀರಿಕೊಂಡು ಆರು ವರ್ಷವಾಗಿತ್ತು.

ಸೆಕೆಂಡು ಕೂಗುವ ಚಾಳಿಯ ಮೂಲವೂ ಆ ಆಟದಲ್ಲೇ ಇತ್ತು. ಅವರ ಕಾಲದ ಸ್ಪರ್ಧೆಯಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ಅರ್ಧ ಅರ್ಧ ನಿಮಿಷಕ್ಕೆ ಒಬ್ಬೊಬ್ಬರನ್ನೇ ಬಿಡುತ್ತಾರೆ. ಕಾಡಿನೊಳಗೆ ಒಬ್ಬರೇ ಓಡುತ್ತಿರುವಾಗ ತಾನು ಗೆಲ್ಲುತ್ತಿದ್ದೇನೋ ಸೋಲುತ್ತಿದ್ದೇನೋ ಗೊತ್ತಾಗುವ ದಾರಿಯೇ ಇಲ್ಲ. ಅದಕ್ಕೇ ನಮ್ಮವರೊಬ್ಬರು ದಾರಿಯ ತಿರುವಿನಲ್ಲಿ ಗಡಿಯಾರ ಹಿಡಿದು ನಿಂತಿರಬೇಕು. ಹಾದುಹೋಗುವಾಗ ಇಷ್ಟು ಸೆಕೆಂಡು ಮುಂದೆ, ಇಷ್ಟು ಸೆಕೆಂಡು ಹಿಂದೆ ಎಂದು ಕೂಗಬೇಕು. ಅದಷ್ಟೇ ಅವನ ಕೆಲಸ. ಶಾಭಾಸ್ ಎನ್ನುವ ಹಾಗಿಲ್ಲ, ಪಾಪ ಎನ್ನುವ ಹಾಗೂ ಇಲ್ಲ.

ಟೂರಿಡ್ ಆಂಟಿ ಈ ಉಪಕಾರವನ್ನು ಒನೆಹುಂಗಾದ ಸಮಸ್ತರಿಗೂ ಮಾಡುತ್ತಿದ್ದರು. ಪೋಸ್ಟಿನವನಿಗೆ, ನಾಯಿ ಅಡ್ಡಾಡಿಸುವವರಿಗೆ, ತಳ್ಳುಗಾಡಿಯಲ್ಲಿ ಮಗು ಕೂರಿಸಿಕೊಂಡು ಜಾಗಿಂಗ್ ಮಾಡುವ ಎಳೆಯ ತಾಯಂದಿರಿಗೆ. ಮೂಲೆಯ ಡೈರಿ ಅಂಗಡಿಯವನು ಬ್ರೆಡ್ಡಿಗೆ ಚಿಲ್ಲರೆ ಕೊಡುವಷ್ಟರಲ್ಲಿ ಅವನ ಟೈಮೂ ಹೇಳುತ್ತಿದ್ದರಂತೆ. ವಸುಧಾಳ ಚಪಾತಿಗೂ ಗಡಿಯಾರ ಹಿಡಿದಿದ್ದರು. "ಆರನೇದರಲ್ಲಿ ನಿಧಾನ ಆದೆ" ಎಂದರಂತೆ. ಅವರು ಆಡುತ್ತಿದ್ದುದು ಒರಟು ಉಚ್ಚಾರದ ಇಂಗ್ಲಿಷು. ನನ್ನ ನೆನಪಿನಲ್ಲಿ ಮಾತ್ರ ಎಲ್ಲ ಕನ್ನಡದಲ್ಲೇ ಉಳಿದಿದೆ. ನನ್ನ ಗುರುಪ್ರಸಾದ ಎಂಬ ಹೆಸರಿನ ಮೊದಲ ಎರಡಕ್ಷರ ಸಾಕೆಂದು ತೀರ್ಮಾನಿಸಿ ಗುರು ಎಂದು ಕರೆಯುತ್ತಿದ್ದರು. ಕಷ್ಟಸುಖ ವಿಚಾರಿಸುವ ಅಭ್ಯಾಸ ಅವರಿಗಿರಲಿಲ್ಲ. ನಾವು ವಿಚಾರಿಸಿದರೆ, "ಇದ್ದೀನಿ" ಎನ್ನುವರು. ನಮ್ಮ ಮನೆಯ ಎರಡು ಲೋಟ ಕಾಫಿ ಕುಡಿದು, ಹೊಗಳದೆ, ಲೋಟ ತೊಳೆದಿಟ್ಟು ಹೋಗುವರು.

ಎಪ್ಪತ್ತೆಂಟನೆಯ ವಯಸ್ಸಿನ ಬೇಸಿಗೆಯಲ್ಲಿ ಅವರ ಹೃದಯ ಸೋತಿತು. ಆಸ್ಪತ್ರೆಯಲ್ಲಿ ಹತ್ತು ದಿನವಿದ್ದು ಬಂದರು. ಗಾಲಿಯ ಸ್ಕೀ ಗ್ಯಾರೇಜು ಸೇರಿತು. ಆದರೆ ಇಲ್ಲಿ ಚಳಿಗಾಲವಾದ ಆಗಸ್ಟಿನಲ್ಲಿ, ದೇಶದ ದಕ್ಷಿಣ ದ್ವೀಪದ ಬೆಟ್ಟದ ಮೇಲೆ, ನಿಜವಾದ ಹಿಮದಲ್ಲಿ, ಹಳೆಯ ಸ್ಕೀಗಾರರು ಸೇರುವ ಐದು ಕಿಲೋಮೀಟರಿನ ಸಣ್ಣ ಓಟವೊಂದಿತ್ತು. ಪ್ರತಿವರ್ಷ ಹೋಗುತ್ತಿದ್ದರು. ಅದಕ್ಕೆ ಈ ಸಲವೂ ಹೋಗಲೇಬೇಕೆಂದು ಹಟ. ಹೃದಯದ ಡಾಕ್ಟರು ಬುದ್ಧಿವಂತೆ. ಬೇಡ ಎಂದರೆ ಕೇಳುವ ಹೆಂಗಸಲ್ಲ ಎಂದು ತಿಳಿದು, ನಮ್ಮ ಬಡಾವಣೆಯ ಲಗೂನಿನ, ಅಂದರೆ ಕಡಲಂಚಿನ ಕೆರೆಯ, ಸುತ್ತಿನ ದಾರಿಯನ್ನು ಎಲ್ಲಿಯೂ ನಿಲ್ಲದೆ ಹದಿನೆಂಟು ನಿಮಿಷದೊಳಗೆ ನಡೆದು ತೋರಿಸಿದರೆ ಆಗ ಮಾತಾಡೋಣ ಎಂದಿದ್ದರು. ಓಡುವವರು ಗಡಿಯಾರ ನೋಡಬಾರದು ಎಂಬುದು ಟೂರಿಡ್ ಆಂಟಿಯ ನಿಯಮ. ನೋಡಿದರೆ ಕಾಲಿನ ಲಯ ಕೆಡುತ್ತದಂತೆ. ಹಾಗಾಗಿ ಪ್ರತಿ ಶನಿವಾರ ಬೆಳಿಗ್ಗೆ ಎಂಟಕ್ಕೆ, ಅರ್ಧ ದಾರಿಯ ಬೆಂಚಿನ ಹತ್ತಿರ ಒಮ್ಮೆ, ಕೊನೆಯಲ್ಲಿ ಒಮ್ಮೆ ಕೂಗುವ ಕೆಲಸ ನನಗೆ ಬಂತು.

ಮೊದಲ ಶನಿವಾರ ಇಪ್ಪತ್ತು ನಿಮಿಷ ಚಿಲ್ಲರೆ. ನಿಜವನ್ನೇ ಹೇಳಿದೆ. ಎರಡನೆಯ ಶನಿವಾರ ಇಪ್ಪತ್ತೊಂದಾಯಿತು. ಬೆಂಚಿನ ಹತ್ತಿರ ಬಂದಾಗ ಅವರ ತುಟಿ ನೀಲಿಗಟ್ಟಿತ್ತು, ಕಣ್ಣು ಮಾತ್ರ ನನ್ನ ಬಾಯಿಯನ್ನೇ ಕಾಯುತ್ತಿತ್ತು. ನನ್ನ ಬಾಯಿಂದ ತಾನಾಗಿ ಬಂತು: "ಹೋದ ವಾರಕ್ಕಿಂತ ಹನ್ನೆರಡು ಸೆಕೆಂಡು ಮುಂದೆ, ಆಂಟಿ." ಅವರ ಬೆನ್ನು ನೆಟ್ಟಗಾಯಿತು. ಎಷ್ಟು ಸುಲಭವಾಗಿತ್ತೆಂದರೆ ನನಗೆ ನಾಚಿಕೆಯೂ ಆಗಲಿಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ಹುಷಾರಿಲ್ಲದವರ ಮುಂದೆ ಯಾರು ತಾನೇ ನಿಜ ಹೇಳಿದ್ದಾರೆ? ಮುಖ ಗೆಲುವಾಗಿದೆ, ನಿನ್ನೆಗಿಂತ ಇವತ್ತು ವಾಸಿ, ಇನ್ನೆರಡು ದಿನ ಅಷ್ಟೇ ಎಂದು ಹೇಳಿಯೇ ಒಳಗೆ ಕಾಲಿಡುವುದು ನಮ್ಮ ಪದ್ಧತಿ. ನಾನೂ ಹಾಗೇ ಮಾಡಿದೆ. ಮೂರನೆಯ ವಾರ ಅರ್ಧ ನಿಮಿಷ ಕಳೆದು ಹೇಳಿದೆ. ಆಮೇಲೆ ಒಂದು ನಿಮಿಷ. ಒಂದು ಸುಳ್ಳಿಗೆ ಇನ್ನೊಂದನ್ನು ಹೊಂದಿಸಬೇಕಲ್ಲ, ಫೋನಿನಲ್ಲಿ ನಿಜವಾದ ಟೈಮು ಒಂದು ಕಡೆ, ಹೇಳಿದ ಟೈಮು ಒಂದು ಕಡೆ ಬರೆದಿಟ್ಟುಕೊಳ್ಳುವ ಗತಿ ಬಂತು. ಏಳನೆಯ ಶನಿವಾರ ನನ್ನ ಬಾಯಲ್ಲಿ ಟೂರಿಡ್ ಆಂಟಿ ಹದಿನೇಳು ನಿಮಿಷ ಐವತ್ತು ಸೆಕೆಂಡಿಗೆ ಸುತ್ತು ಮುಗಿಸಿದರು.

ಅವರು ನಕ್ಕಿದ್ದನ್ನು ನಾನು ಕಂಡಿದ್ದು ಅವತ್ತೇ ಮೊದಲು. ಮಧ್ಯಾಹ್ನದ ಹೊತ್ತಿಗೆ ವಿಮಾನದ ಟಿಕೆಟ್ಟೂ ಆಯಿತು. ಡಾಕ್ಟರಿಗೆ ಸೋಮವಾರ ತಾವೇ ಹೇಳುತ್ತಾರಂತೆ. ವಸುಧಾ ಸಂತೋಷಪಟ್ಟು ಕೇಸರಿಬಾತು ಮಾಡುತ್ತೇನೆಂದು ರವೆಯ ಡಬ್ಬಿ ತೆಗೆದಳು. ಆಗ ನಾನು ವಿಷಯ ಹೇಳಿದೆ. ಅವಳು ಡಬ್ಬಿಯ ಮುಚ್ಚಳ ಹಾಕಿದಳು.

"ಅವ್ರು ಹೋಗೇ ಬಿಡ್ತಾರೆ ಕಣ್ರೀ," ಎಂದಳು. "ಆ ಬೆಟ್ಟದ ಮೇಲೆ ಏನಾದ್ರೂ ಆದ್ರೆ ಅದು ನೀವು ಮಾಡಿದ್ದು. ಹೋಗಿ, ಈಗ್ಲೇ ಹೇಳ್ಬನ್ನಿ."

ಆಂಟಿ ಅಡುಗೆಮನೆಯಲ್ಲಿದ್ದರು. ಎರಡು ಕುರ್ಚಿಗಳ ಮೇಲೆ ಸ್ಕೀಯನ್ನು ಅಂಗಾತ ಮಲಗಿಸಿ, ಹಳೆಯ ಇಸ್ತ್ರಿಪೆಟ್ಟಿಗೆಯಿಂದ ಅದರ ತಳಕ್ಕೆ ಮೇಣ ಕರಗಿಸಿ ಸವರುತ್ತಿದ್ದರು. ಹಿಮದ ಮೇಲೆ ಚೆನ್ನಾಗಿ ಜಾರಲೆಂದು ಹಾಗೆ ಮಾಡುತ್ತಾರೆ. ಕೋಣೆಯೆಲ್ಲ ಮೇಣದ ವಾಸನೆ. ನಾನು ಕೂರದೆ, ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವರು ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿ, ಅದನ್ನು ನೆಟ್ಟಗೆ ನಿಲ್ಲಿಸಿದರು.

"ನಿಜವಾದ್ದು ಎಷ್ಟು?"

"ಇವತ್ತು ಇಪ್ಪತ್ಮೂರು ನಿಮಿಷ, ಹತ್ತು ಸೆಕೆಂಡು."

"ವಾರ ವಾರಕ್ಕೆ ಕಮ್ಮಿ ಆಗ್ತಿತ್ತಾ, ಜಾಸ್ತಿ ಆಗ್ತಿತ್ತಾ?"

"ಜಾಸ್ತಿ, ಆಂಟಿ."

ಅವರು ಉಳಿದ ಮೇಣದ ತುಂಡನ್ನು ಕಾಗದದಲ್ಲಿ ಸುತ್ತಿಟ್ಟರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕೊನೆಗೆ, "ಉಸಿರು ಒಂದು ಹೇಳ್ತಿತ್ತು, ನೀನು ಒಂದು ಹೇಳ್ತಿದ್ದೆ," ಎಂದರು. "ನಾನು ನಿನ್ನನ್ನ ನಂಬಿದೆ."

ಆಮೇಲೆ ಬೆಳ್ಳಿ ಪದಕದ ಕತೆ ಹೇಳಿದರು. ಅಂದು ತಿರುವಿನಲ್ಲಿ ಗಡಿಯಾರ ಹಿಡಿದು ನಿಂತಿದ್ದವನು ಹೆರಾಲ್ಡ್. ಒಂದು ವಾರದ ಹಿಂದಷ್ಟೇ ಆಂಟಿಗೆ ಜೋರು ಜ್ವರ ಬಂದುಹೋಗಿತ್ತು. ಕೊನೆಯ ಮೂರು ಕಿಲೋಮೀಟರು ಉಳಿದಿದ್ದಾಗ ಅವನು ಒಂಬತ್ತು ಸೆಕೆಂಡು ಮುಂದೆ ಎಂದು ಕೂಗಿದ. ಒಂಬತ್ತು ಸೆಕೆಂಡು ಕೈಯಲ್ಲಿದ್ದರೆ ಕೊನೆಯ ದಿಬ್ಬದಲ್ಲಿ ಜೀವ ತೇಯುವ ಅಗತ್ಯವಿಲ್ಲ. ಆಂಟಿ ಜೋಪಾನವಾಗಿ ಹತ್ತಿದರು. ಮೂರು ಸೆಕೆಂಡಿನಿಂದ ಸೋತರು. ಕೂಗುವವರು ದೂರದಲ್ಲಿ ತಪ್ಪುವುದೂ ಉಂಟು, ಹಾಗೇ ಏನೋ ಆಗಿರಬೇಕೆಂದು ಹದಿನೈದು ವರ್ಷ ಅಂದುಕೊಂಡಿದ್ದರು. ಇಲ್ಲಿಗೆ ಬಂದ ಮೇಲೆ, ಇದೇ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಾ ಕೂತಿದ್ದಾಗ ಹೆರಾಲ್ಡ್ ತಾನಾಗಿ ಹೇಳಿದನಂತೆ. ನಿಜಕ್ಕೂ ಆಗ ಅವರು ಎರಡು ಸೆಕೆಂಡು ಹಿಂದಿದ್ದರು. ಅವರ ಮುಖ ಬೂದಿ ಬಣ್ಣಕ್ಕೆ ತಿರುಗಿದ್ದು ನೋಡಿ ಅವನಿಗೆ ಹೆದರಿಕೆಯಾಗಿತ್ತು. ಎರಡು ಸೆಕೆಂಡು ಹಿಂದೆ ಎಂದರೆ ಹೆಂಡತಿ ಸತ್ತರೂ ನಿಲ್ಲುವುದಿಲ್ಲವೆಂದು ಗೊತ್ತಿತ್ತು.

ಕ್ಷಮಿಸಿದಿರಾ ಎಂದು ಕೇಳಿದೆ. ಕೇಳಬಾರದಿತ್ತೇನೋ.

"ಗಂಡ. ಅಡುಗೆ ಮಾಡಿ ಹಾಕಿದೆ, ಕಾಯಿಲೆ ಬಿದ್ದಾಗ ನೋಡ್ಕೊಂಡೆ. ಆದ್ರೆ ಆಮೇಲೆ ಅವನ ಹತ್ರ ಯಾವತ್ತೂ ಟೈಮ್ ಕೇಳ್ಲಿಲ್ಲ." ಸ್ಕೀಯ ಮೇಲೆ ಗಟ್ಟಿಯಾಗುತ್ತಿದ್ದ ಮೇಣವನ್ನು ಉಗುರಿನಿಂದ ಕೆರೆದರು. "ಹಿಂದೆ ಇದ್ದೀಯ ಅಂದ್ರೆ ಏನು ಮಾಡ್ಬೇಕೂಂತ ನಾನು ಯೋಚಿಸ್ತೀನಿ. ಸುಳ್ಳು ಹೇಳಿದ್ರೆ ನನ್ನ ಬದಲು ನೀನು ಯೋಚಿಸಿ ಮುಗಿಸ್ದಂಗೆ."

ನಾನು ಸಮಜಾಯಿಷಿ ಕೊಡಲು ಹೋದೆ. ನಮ್ಮ ಕಡೆ ಹೀಗೇ, ನಮ್ಮಪ್ಪನಿಗೆ ಕ್ಯಾನ್ಸರ್ ಎಂದು ಕೊನೆಯವರೆಗೂ ಯಾರೂ ಹೇಳಲಿಲ್ಲ, ಗ್ಯಾಸ್ಟ್ರಿಕ್ ಎಂದೇ ನಂಬಿಸಿದ್ದೆವು, ನೆಮ್ಮದಿಯಾಗಿ ಹೋದರು ಎಂದೆ. ಆಂಟಿ ತಲೆಯೆತ್ತಿ ನನ್ನನ್ನು ನೋಡಿದರು. ಕೋಪವಿರಲಿಲ್ಲ, ತಿಳಿದುಕೊಳ್ಳುವ ಕುತೂಹಲ ಮಾತ್ರ.

"ಅವರಿಗೆ ಎಲ್ಲಿಗಾದ್ರೂ ಹೋಗ್ಬೇಕೂಂತ ಇತ್ತಾ?"

ನನಗೆ ಗೊತ್ತಿರಲಿಲ್ಲ. ನಾವು ಕೇಳಿರಲಿಲ್ಲ. ಕೇಳಿದ್ದರೆ ಅವರಿಗೆ ಅನುಮಾನ ಬರುತ್ತಿತ್ತು. ಮನೆಗೆ ಬಂದು ಅದನ್ನೇ ವಸುಧಾಳಿಗೆ ಹೇಳಿದೆ. ಅಪ್ಪ ಹೋಗಿ ಒಂಬತ್ತು ವರ್ಷವಾದ ಮೇಲೆ, ಒನೆಹುಂಗಾದ ಅಡುಗೆಮನೆಯಲ್ಲಿ ನಿಂತು ಚಿಕ್ಕ ಹುಡುಗನ ಹಾಗೆ ಅತ್ತೆ.

ಆಂಟಿ ಟಿಕೆಟ್ಟು ರದ್ದು ಮಾಡಿದರು. ಮುಂದಿನ ಶುಕ್ರವಾರ ಸಂಜೆ ಗೇಟಿನ ಹತ್ತಿರ ನಿಂತು, ನಾಳೆ ಎಂಟಕ್ಕೆ ಬರುತ್ತೀಯಲ್ಲ ಎಂದು ಕೇಳಿದರು. ಇನ್ನು ಅವರು ನನ್ನನ್ನು ಕರೆಯುವುದಿಲ್ಲವೆಂದೇ ಅಂದುಕೊಂಡಿದ್ದೆ. ಬೇರೆ ಯಾರನ್ನಾದರೂ ನಿಲ್ಲಿಸಿಕೊಳ್ಳಬಹುದಿತ್ತಲ್ಲ ಎಂದು ಆಮೇಲೊಮ್ಮೆ ಕೇಳಿದಾಗ, ಒಂದು ಸಲ ಸಿಕ್ಕಿಬಿದ್ದವನು ಹೊಸಬನಿಗಿಂತ ವಾಸಿ ಎಂದರು. ಆಮೇಲಿನ ಶನಿವಾರಗಳಲ್ಲಿ ನಾನು ನಿಜವನ್ನೇ ಕೂಗಿದೆ. ಇಪ್ಪತ್ತು ಸೆಕೆಂಡು ಹಿಂದೆ, ಐವತ್ತು ಸೆಕೆಂಡು ಹಿಂದೆ. ಪ್ರತಿ ಸಲವೂ ನಾಲಿಗೆ ತೊದಲುತ್ತಿತ್ತು. ಅವರು ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ವಾರದ ನಡುವೆ ಅವರಲ್ಲಿ ಬೇರೆ ಬದಲಾವಣೆಗಳು ಕಾಣಿಸಿದವು. ನಾರ್ವೆಯಲ್ಲಿದ್ದ ತಮ್ಮನನ್ನು ಕರೆಸಿ ಹದಿನೈದು ದಿನ ಮನೆಯಲ್ಲಿಟ್ಟುಕೊಂಡರು. ಗ್ಯಾರೇಜಿನ ಸ್ಕೀಗಳನ್ನೆಲ್ಲ ದಕ್ಷಿಣ ದ್ವೀಪದ ಗೆಳೆಯರಿಗೆ ಕಳಿಸಿದರು. ವಸುಧಾಳಿಂದ ಒಬ್ಬಟ್ಟು ಮಾಡಿಸಿಕೊಂಡು ತಿಂದು, ನಾಲ್ಕು ವರ್ಷದಲ್ಲಿ ಮೊದಲ ಸಲ ಚೆನ್ನಾಗಿದೆ ಎಂದರು.

ಅಕ್ಟೋಬರಿನ ಒಂದು ಶನಿವಾರ ಅರ್ಧ ದಾರಿಯ ಬೆಂಚಿನವರೆಗೆ ಬರಲು ಅವರಿಗೆ ಹದಿನೇಳು ನಿಮಿಷ ಹಿಡಿಯಿತು. ಕೈಯಲ್ಲಿ ಊರುಗೋಲಿತ್ತು. ದೂರದಲ್ಲಿ ಅವರು ಕಂಡಾಗಿನಿಂದ ನಾನು ಗಡಿಯಾರವನ್ನೇ ನೋಡುತ್ತಾ, ದೇವರೇ ಇವತ್ತೊಂದು ದಿನ ಬೇಡ ಎಂದುಕೊಳ್ಳುತ್ತಿದ್ದೆ. ಹತ್ತಿರ ಬಂದು ನನ್ನ ಮುಖ ನೋಡಿದರು.

"ಎರಡು ನಿಮಿಷ ಹಿಂದೆ, ಆಂಟಿ," ಎಂದೆ.

ಅವರು ಮುಂದೆ ಹೋಗಲಿಲ್ಲ. ನಿಧಾನವಾಗಿ ಬಂದು ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂತರು. ಸುತ್ತಿನ ಮಧ್ಯೆ ಅವರು ಕೂತಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಲಗೂನಿನಲ್ಲಿ ಬಾತುಗಳಿದ್ದವು. ಅವನ್ನು ಸುಮಾರು ಹೊತ್ತು ನೋಡಿ, ಇವು ಇಲ್ಲಿ ಯಾವಾಗಿನಿಂದ ಇವೆ ಎಂದು ಕೇಳಿದರು. ಮೊದಲಿನಿಂದಲೂ ಇವೆ ಎಂದೆ. ಅದಾದ ಐದನೆಯ ದಿನ ಅವರು ತೀರಿಕೊಂಡರು. ಅವತ್ತು ಬೆಂಚಿನಿಂದ ಏಳುವಾಗ ನನ್ನ ತೋಳು ಹಿಡಿದುಕೊಂಡು ಆಡಿದ ಮಾತೇ ನನಗೆ ಅವರ ಕೊನೆಯ ಮಾತು.

"ನೀನು ಹೇಳಿದ್ದಕ್ಕೆ ನಂಗೆ ನಿಲ್ಲೋಕಾಯ್ತು, ಗುರು. ಇಲ್ದಿದ್ರೆ ಇನ್ನೂ ಗೆಲ್ತಾ ಇದ್ದೀನಿ ಅಂದ್ಕೊಂಡು ಓಡ್ತಾನೇ ಇರ್ತಿದ್ದೆ."