ಪುಂಡಿ ಹಿಂಡಿ ಮತ್ತು ವೈನಿಯ ಎಮ್ಮೆ

ಸೈನ್ಯದಿಂದ ನಿವೃತ್ತನಾಗಿ ಗೊಳಸಂಗಿ ಹತ್ತಿರದ ನಮ್ಮ ಊರಿಗೆ ಮರಳಿದ್ದು ತೊಂಬತ್ತರ ದಶಕದಲ್ಲಿ. ನಸುಕಿನಲ್ಲೇ ಎದ್ದು, ಹಾಸಿಗೆ ಮಡಚಿ, ಬೂಟಿಗೆ ಪಾಲಿಶ್ ಹಚ್ಚಿ ಕುಳಿತರೆ ಮುಂದೆ ಮಾಡಲು ಏನೂ ಇರುತ್ತಿರಲಿಲ್ಲ. ಹೊಲ ಅಣ್ಣನದು. ಅಡುಗೆಮನೆ, ದನದ ಮನೆ ಎರಡೂ ಅಣ್ಣನ ಹೆಂಡತಿಯದು, ಅಂದರೆ ನನ್ನ ವೈನಿಯದು. ಎಲ್ಲಿ ಹೋದರೂ ನಾನು ಅಡ್ಡ ಬರುವವನೇ. ಆ ಮನೆಯಲ್ಲಿ ನನಗೆ ನನ್ನದೇ ಒಂದು ಕೆಲಸ ಬೇಕಾಗಿತ್ತು.

ಸಿಕ್ಕಿದ್ದು ಪುಂಡಿಯಲ್ಲಿ. ಜೋಳದ ನಡುವಿನ ಅಕ್ಕಡಿ ಸಾಲಿನಲ್ಲಿ ಬೆಳೆಯುತ್ತಿದ್ದ ಪುಂಡಿಯ ಎಲೆ ಪಲ್ಯಕ್ಕೆ, ದಂಟಿನ ನಾರು ಹಗ್ಗಕ್ಕೆ. ಬೀಜವನ್ನು ಮಾತ್ರ ಬಿತ್ತನೆಗೆ ಒಂದಿಷ್ಟು ಎತ್ತಿಟ್ಟು ಉಳಿದದ್ದನ್ನು ತಿಪ್ಪೆಗೆ ಚೆಲ್ಲುತ್ತಿದ್ದರು. ಒಂದು ದಿನ ಕಲ್ಲಿನ ಮೇಲೆ ನಾಲ್ಕು ಬೀಜ ಜಜ್ಜಿ ನೋಡಿದೆ. ಬೆರಳಿಗೆ ಜಿಡ್ಡು ಹತ್ತಿತು. ಎಣ್ಣೆ ಇದ್ದ ಮೇಲೆ ಹಿಂಡಿಯೂ ಬರಬೇಕು, ಹಿಂಡಿಯಲ್ಲಿ ದನಕ್ಕೆ ಬೇಕಾದ ಪ್ರೋಟೀನ್ ಇರಲೇಬೇಕು ಎಂದು ಲೆಕ್ಕ ಹಾಕಿದೆ.

ಬೀಜ ಕೇರಿ, ಕಸ ಆರಿಸಿ, ಬಿಸಿಲಿಗೆ ಒಣಗಿಸುವಷ್ಟರಲ್ಲಿ ಅದರ ಸಣ್ಣ ಮುಳ್ಳಿನಂಥ ಸುಂಕು ತಾಗಿ ಮೈಯೆಲ್ಲ ತುರಿಕೆ. ಚೀಲ ಹೊತ್ತು ಬಾಗೇವಾಡಿಯ ಎಣ್ಣೆ ಗಿರಣಿಗೆ ಹೋದೆ. ಕುಸುಬಿ ಹಿಂಡುತ್ತಿದ್ದ ಗಿರಣಿಯವನು ಚೀಲದೊಳಗೆ ಇಣುಕಿ, “ಹಗ್ಗ ಹೊಸಿಯೋರೆಲ್ಲ ಎಣ್ಣಿ ತಗಿಯಾಕ ಹೊಂಟ್ರಲ್ರಿ,” ಎಂದ. ಆದರೂ ಹಿಂಡಿಕೊಟ್ಟ. ಹಳದಿಗೆ ಹಸಿರು ಬೆರೆತ ಎಣ್ಣೆ ಬಂತು, ಜೊತೆಗೆ ಚೀಲದ ತುಂಬ ಹಿಂಡಿ.

ಎಣ್ಣೆಗೆ ವೈನಿಯ ತಕರಾರು ಇರಲಿಲ್ಲ. ಅದರಲ್ಲೇ ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದರು. “ಪುಂಡಿಗೆ ಪುಂಡಿನ ಒಗ್ಗರಣಿ,” ಎನ್ನುತ್ತ ಅಣ್ಣ ಇನ್ನೊಂದು ರೊಟ್ಟಿ ಮುರಿದ. ಹಿಂಡಿಯ ಮಾತೆತ್ತಿದಾಗ ಮಾತ್ರ ವೈನಿ ಸೊಂಟಕ್ಕೆ ಕೈಯಿಟ್ಟು ನಿಂತರು.

“ನನ್ನ ಎಮ್ಮಿ ಹತ್ತಿಕಾಳು ತಿಂದು ಹಾಲು ಕೊಡತೈತಿ. ಅದರ ಮ್ಯಾಲ ನಿಮ್ಮ ಮಿಲ್ಟ್ರಿ ಪರೀಕ್ಷಾ ಬ್ಯಾಡ್ರಿ.”

“ಒಂದ ದಿನ ನೋಡೂಣ್ರಿ ವೈನಿ.”

“ಆತು, ನೀವ ಹಾಕ್ರಿ. ಹಾಲು ಕಡಿಮಿ ಆತಂದ್ರ ಮತ್ತ ದನದ ಮನಿ ಹೊಸ್ತಿಲಾ ತುಳಿಯಂಗಿಲ್ಲ.”

ಮರುದಿನ ಖಾಕಿ ಚಡ್ಡಿ ಹಾಕಿಕೊಂಡು, ತಿಕ್ಕಿ ತೊಳೆದ ಬುಟ್ಟಿಯಲ್ಲಿ ನೆನೆಸಿದ ಹಿಂಡಿ ಒಯ್ದು ಎಮ್ಮೆಯ ಮುಂದಿಟ್ಟೆ. ಅದು ಮೂಸಿತು, ಬುಸ್ಸೆಂದಿತು, ಬುಟ್ಟಿಯನ್ನು ಕೊಂಬಿನಿಂದ ಉರುಳಿಸಿ ಮುಖ ತಿರುಗಿಸಿತು. ಸಂಜೆ ಹಾಲು ಕಡಿಮೆಯಾಯಿತು. ವೈನಿ ಅರ್ಧ ಖಾಲಿಯಿದ್ದ ಚರಿಗೆಯನ್ನು ನನ್ನ ಮುಂದೆ ಇಟ್ಟು ಒಳಗೆ ಹೋದರು.

ಸಿಕ್ಕಿದ ಕೆಲಸ ಒಂದೇ ದಿನಕ್ಕೆ ಕೈಬಿಡುವಂತಿತ್ತು. ಆದರೆ ಹಿಂಡಿಯದೇ ತಪ್ಪು ಎಂದು ಒಪ್ಪಲು ಮನಸ್ಸಾಗಲಿಲ್ಲ. ಮರುದಿನ ವೈನಿಯ ಕಣ್ಣು ತಪ್ಪಿಸಿ, ಎಮ್ಮೆ ದಿನವೂ ಅವರ ಕೈಯಿಂದ ತಿನ್ನುತ್ತಿದ್ದ ಹತ್ತಿಕಾಳನ್ನೇ ಒಯ್ದು ನನ್ನ ಕೈಯಿಂದ ಇಟ್ಟೆ. ಎಮ್ಮೆ ಅದನ್ನೂ ಮುಟ್ಟಲಿಲ್ಲ. ಅದಕ್ಕೆ ಬೇಡವಾದದ್ದು ಹಿಂಡಿಯಲ್ಲ, ನಾನು.

“ವೈನಿ, ನಿಮ್ಮದೊಂದು ಹಳೀ ಸೀರಿ ಕೊಡ್ರಿ.”

“ಯಾಕ್ರಿ, ಬುಟ್ಟಿ ವರಸಾಕ?”

“ಉಡಾಕ.”

ವೈನಿ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆ ಹಿಡಿದರು. ಚಡ್ಡಿಯ ಮೇಲೆಯೇ ಸೀರೆ ಸುತ್ತಿ, ತಲೆಯ ಮೇಲೆ ಸೆರಗು ಎಳೆದುಕೊಂಡು, ಮೀಸೆ ಮರೆಮಾಡಿ, ಮತ್ತೆ ಹಿಂಡಿಯ ಬುಟ್ಟಿ ಹಿಡಿದು ಹೋದೆ. ಎಮ್ಮೆ ಸೆರಗನ್ನು ಮೂಸಿತು. ಆಮೇಲೆ ಬುಟ್ಟಿಗೆ ಮೂತಿ ಹಾಕಿತು. ಹಿಂಡಿ ಮುಗಿದ ಮೇಲೂ ಬುಟ್ಟಿಯ ತಳವನ್ನು ನೆಕ್ಕುತ್ತಲೇ ಇತ್ತು. ಅಷ್ಟರಲ್ಲಿ ಬಾಗಿಲಿಗೆ ಬಂದ ಅಣ್ಣ ಹೆಂಡತಿಯೆಂದೇ ತಿಳಿದು, “ಚಾ ಆತೇನ?” ಎಂದ. “ಇನ್ನೂ ಇಲ್ಲೋ ಅಣ್ಣಾ,” ಎಂದು ನಾನು ತಿರುಗಿದಾಗ ಅವನು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕುಳಿತು ನಕ್ಕ.

ಆ ಸಂಜೆ ಚರಿಗೆಯ ಕಂಠದವರೆಗೆ ನೊರೆ ಬಂತು. ವೈನಿ ಅದನ್ನು ಒಳಗೆ ಒಯ್ಯುವ ಮೊದಲು ನನ್ನ ಕಡೆ ನೋಡಿದರು.

“ನಿಮ್ಮ ಹಿಂಡಿ ಪಾಸಾತು ಮೈದುನಾರ. ನೀವ ಇನ್ನೂ ಆಗಿಲ್ಲ. ನಾಳಿಯಿಂದ ಮೇವು ಹಾಕೂದು ನಿಮ್ಮ ಕೆಲಸ. ಸೀರಿ ಒಗಿಯೂದೂ ನಿಮ್ಮದ.”

ಒಗೆಯುವುದು ನನಗೆ ಭಾರವಾಗಲಿಲ್ಲ. ಒಣಗಿದ ಮೇಲೆ ಅಂಚಿಗೆ ಅಂಚು ಕೂಡಿಸಿ, ಒಂದು ಸುಕ್ಕೂ ಇಲ್ಲದಂತೆ ಮಡಚಿ, ದನದ ಮನೆಯ ಗೂಟಕ್ಕೆ ಹಾಕಿದೆ.