ಬಾಟಲಿಯೊಳಗಿನ ಹಿರೀಕರು

ತೊಂಬತ್ತರ ದಶಕದಲ್ಲಿ ಚಾಮರಾಜನಗರದ ಕಾಲೇಜೊಂದರಲ್ಲಿ ನಾನು ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ನಮ್ಮ ಲ್ಯಾಬಿನ ಅಟೆಂಡರನಿಗೆ ಬಾಟಲಿ ಹಸಿರಾದರೆ ಕೈ ಸುಮ್ಮನಿರುತ್ತಿರಲಿಲ್ಲ. “ಗಲೀಜು ಕಣ್ ಸಾ” ಎಂದು ಬೂದಿ ಹಾಕಿ ತಿಕ್ಕಿಬಿಡುತ್ತಿದ್ದ. ಪಾಠಕ್ಕೆಂದು ನಾನು ಬೆಳೆಸಿದ್ದ ಕೆರೆಯ ಪಾಚಿ ಎರಡು ಸಲ ಹೀಗೇ ಚರಂಡಿ ಸೇರಿತು.

ಮೂರನೆಯ ಸಲ ಅವನನ್ನೇ ಕೂರಿಸಿಕೊಂಡು ಪಾಠ ಹೇಳಿದೆ. “ಪಾಚಿಯಲ್ಲಿ ಒಂದೊಂದೇ ಇದ್ದ ಕೆಲವು ಜೀನ್‌ಗಳು ನಕಲಾಗುತ್ತಾ, ಒಂದೊಂದು ನಕಲು ಒಂದೊಂದು ಕೆಲಸ ಕಲಿತು, ಗಿಡಮರಗಳಲ್ಲಿ ದೊಡ್ಡ ಕುಟುಂಬಗಳೇ ಆಗಿವೆ. ಈ ಪಾಚಿ ಗಿಡಮರಗಳ ಹಿರೀಕರ ಪೈಕಿ ಕಣಯ್ಯ. ತೊಳೀಬೇಡ!”

ತೊಳೆಯಲಿಲ್ಲ, ನಿಜ. ಪಿತೃಪಕ್ಷದ ಹಬ್ಬ ಮುಗಿಸಿ ಬಂದು ನೋಡಿದರೆ ಬಾಟಲಿಗೆ ವಿಭೂತಿ, ಒಳಗೆ ಪಾಯಸ. ಪಾಚಿ ಕೊಳೆತು ನಾರುತ್ತಿತ್ತು. ನಾನು ಕೂಗಾಡಿದೆ.

“ಇರೀಕ್ರು ಅಂದೋರು ನೀವೇ ಅಲ್ವಾ ಸಾ? ಅಬ್ಬದ ದಿನ ಎಡೆ ಇಕ್ದೆ ಉಪಾಸ ಕೆಡವಕಾಯ್ತದಾ?”