ಕೋಚ್ ಹಾಕಿದ ಕನ್ನಡ ಕಾಮೆಂಟ್

ಗೆಳೆಯರೇ, ಅಭಿಮಾನಿಗಳ ಕಾಮೆಂಟಿಗೆ ಕಾಲೇಜ್ ಫುಟ್‌ಬಾಲ್ ಕೋಚ್ ಉತ್ತರ ಕೊಡಬಾರದು. ಇವತ್ತು ನಾನು ಕೊಟ್ಟೆ.

ನಿನ್ನೆ ನಮ್ಮ ಹುಡುಗಿಯರ ತಂಡ ಸೋತಿತ್ತು. ಬೆಳಿಗ್ಗೆ ಎಂಆರ್‌ಟಿ ರೈಲಿನಲ್ಲಿ ತಂಡದ ಪೇಜ್ ತೆರೆದರೆ, ಹೆಸರಿಲ್ಲದ ಯಾರೋ ಸಿಂಗಾಪುರದ ಶೈಲಿಯಲ್ಲಿ ಕೊನೆಗೊಂದು 'ಲಾ' ಸೇರಿಸಿ ಬರೆದಿದ್ದರು: "ಕೋಚ್ ಸ್ಲೀಪಿಂಗ್ ಲಾ!"

ಮೈಯೆಲ್ಲ ಉರಿಯಿತು. ಸಿಂಗಾಪುರದಲ್ಲಿ ಯಾರಿಗೆ ಅರ್ಥವಾಗುತ್ತದೆ ಎಂಬ ಧೈರ್ಯದಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಕುಟ್ಟಿದೆ: "ಬಾಯಿ ಬಡ್ಕೊಳೋದು ಸುಲಭ. ತಾಕತ್ತಿದ್ರೆ ಬಂದು ನೀನೇ ಆಡು!"

ತಕ್ಷಣ ಅದೇ ವ್ಯಕ್ತಿಯಿಂದ, ಈ ಸಲ ಹೆಸರಿನ ಸಮೇತ, ಕನ್ನಡದಲ್ಲೇ ಉತ್ತರ ಬಂತು: "ಅಂಕಲ್, ನಾನ್ ರೆಡಿ ಲಾ. ಬೆಂಚ್ ಮೇಲೆ ಕೂರ್ಸಿರೋದು ನೀವೇ ಅಲ್ವಾ?"

ನಮ್ಮ ಎರಡನೇ ಗೋಲ್‌ಕೀಪರ್, ಆಂಗ್ ಮೋ ಕಿಯೋ ಬಡಾವಣೆಯ ಅನಘಾ! ಮೈದಾನದಲ್ಲಿ ಅವಳ ಬಾಯಿಂದ ಒಂದು ಕನ್ನಡ ಪದವೂ ಕೇಳಿದವನಲ್ಲ ನಾನು.

ಮುಂದಿನ ಪಂದ್ಯಕ್ಕೆ ಅವಳನ್ನೇ ಇಳಿಸುತ್ತಿದ್ದೇನೆ. ಗೆದ್ದರೆ ಸಂತೋಷ. ಸೋತರೆ ನನ್ನನ್ನು ಬೈಯುವವರಲ್ಲಿ ಒಬ್ಬಳಾದರೂ ಕಡಿಮೆಯಾಗುತ್ತಾಳೆ.